ಲೆಕ್ಕಕ್ಕುಂಟು, ಆಟಕ್ಕಿಲ್ಲ

ಮೋಟರ್ ಸುತ್ತುವ ಕೆಲಸಕ್ಕೆಂದು ಅವಳನ್ನು ಸೇರಿಸಿಕೊಂಡರು. ವರ್ಷ ಕಳೆಯಿತು. ಅವಳ ಕೈಗೆ ತಂತಿ ಕೊಡಲಿಲ್ಲ.

ಕೊಟ್ಟದ್ದು ಒಂದು ಕುರ್ಚಿ. ವರ್ಕ್‌ಶಾಪಿನ ಮುಂಭಾಗದ ಗಾಜಿನ ಕೋಣೆಯಲ್ಲಿ, ಬಾಗಿಲು ದಾಟಿ ಬಂದವರಿಗೆ ಮೊದಲು ಕಣ್ಣಿಗೆ ಬೀಳುವ ಹಾಗೆ ಅದನ್ನು ಹಾಕಿದ್ದರು. ಹಿಂದಿನ ಗೋಡೆಯ ಮೇಲೆ ಕಾರ್ಮಿಕ ಇಲಾಖೆಯ ಪೋಸ್ಟರು: ಹಳದಿ ಹೆಲ್ಮೆಟ್ ತೊಟ್ಟ ಹುಡುಗಿಯೊಬ್ಬಳು ದೂರಕ್ಕೆಲ್ಲೋ ನೋಡಿ ನಗುತ್ತಿದ್ದಾಳೆ, ಕೆಳಗೆ 'ನಾಡಿನ ಕೆಲಸ ನಾಡಿನ ಮಕ್ಕಳಿಗೆ' ಎಂದು ದಪ್ಪ ಅಕ್ಷರ. ಗಾಜಿನ ಆಚೆ ಕೆಲಸ ನಡೆಯುತ್ತಿತ್ತು. ಸುಟ್ಟ ಮೋಟರುಗಳು ಕೈಗಾಡಿಯಲ್ಲಿ ಬರುತ್ತಿದ್ದವು. ಅವುಗಳ ಹೊಟ್ಟೆಯೊಳಗೆ ಕರಿಕಾಗಿ ಅಂಟಿಕೊಂಡ ತಾಮ್ರವನ್ನು ಉಳಿಯಿಂದ ಕಡಿದು ಇಕ್ಕಳದಿಂದ ಕೀಳುತ್ತಿದ್ದರು. ಖಾಲಿಯಾದ ಸೀಳುಗಳಿಗೆ ಕಾಗದ ಹೊದಿಸಿ ಹೊಸ ತಂತಿಯ ಸುರುಳಿ ಕೂರಿಸಿ, ವಾರ್ನಿಷ್ ಹುಯ್ದು, ಒಣಗಲು ಒಲೆಗೆ ಇಡುತ್ತಿದ್ದರು. ವಾರ್ನಿಷ್ ವಾಸನೆ ಗಾಜನ್ನು ದಾಟಿ ಬರುತ್ತಿತ್ತು. ಅವಳ ಪಾಲಿಗೆ ಬಂದ ಕೆಲಸ ಅದೊಂದೇ, ಮೂಸುವುದು.

ಕಾನೂನು ಕೇಳುವುದಕ್ಕೆ ಚೆನ್ನಾಗಿಯೇ ಇತ್ತು. ಹೊರಗಿನವರು ಅಗ್ಗಕ್ಕೆ ಸಿಗುತ್ತಾರೆಂದು ಮಾಲೀಕರು ನಾಡಿನ ಹುಡುಗರನ್ನು ಬಾಗಿಲಲ್ಲೇ ತಿರುಗಿಸಿ ಕಳಿಸುತ್ತಿದ್ದ ಕಾಲಕ್ಕೆ ಯಾರೋ ನಿಜವಾಗಿ ಸಿಟ್ಟು ಬಂದು ಬರೆದ ಕಾನೂನು. ಸರ್ಕಾರದ ಕೆಲಸ ಹಿಡಿಯುವ ಯಾವುದೇ ವರ್ಕ್‌ಶಾಪಿನಲ್ಲಿ ನಾಲ್ವರಲ್ಲಿ ಒಬ್ಬರು ನಾಡಿನವರು ಇರಬೇಕು. ಇರಬೇಕು ಎಂದಷ್ಟೇ ಬರೆದಿತ್ತು. ಇದ್ದು ಏನು ಮಾಡುತ್ತಿರಬೇಕು ಎಂದು ಬರೆದಿರಲಿಲ್ಲ. ಕಾನೂನು ತಲೆ ಎಣಿಸುತ್ತಿತ್ತು, ಕೈ ನೋಡುತ್ತಿರಲಿಲ್ಲ. ವರ್ಕ್‌ಶಾಪಿನ ಸಾಹುಕಾರರಿಗೆ ಅಷ್ಟು ಸಂದು ಸಾಕಾಯಿತು. ಅವರು ತಮ್ಮ ತಂಗಿಯ ಮಗನನ್ನು ಹೆಸರಿಗೆ ಸೇರಿಸಿಕೊಂಡರು, ಮೊಣಕಾಲು ನೋವಿನ ಹಳೆಯ ಡ್ರೈವರನ್ನು ಸೇರಿಸಿಕೊಂಡರು, ಸರ್ಕಾರಿ ತರಬೇತಿ ಕೇಂದ್ರದಲ್ಲಿ ಮೋಟರ್ ಸುತ್ತಲು ಕಲಿತು ಮೊದಲ ದರ್ಜೆಯಲ್ಲಿ ಪಾಸಾಗಿದ್ದ ಇವಳನ್ನೂ ಸೇರಿಸಿಕೊಂಡರು. ಮೂವರೂ ಅವರಿಗೆ ಒಂದೇ.

ತಂಗಿಯ ಮಗ ತಿಂಗಳಿಗೊಮ್ಮೆ ಹಾಜರಿ ಯಂತ್ರಕ್ಕೆ ಬೆರಳು ಒತ್ತಲು ಬರುತ್ತಿದ್ದ. ಹೊರಡುವಾಗ ಕೆಲಸದವರತ್ತ ಕೈಬೀಸುತ್ತಿದ್ದ. ಅವನಿಗೆ ಅವರು 'ಸರ್ಕಾರದ ಅಳಿಯ' ಎಂದು ಹೆಸರಿಟ್ಟಿದ್ದರು. ಇವಳಿಗೂ ಮ್ಯಾನೇಜರ್ ಮೊದಲ ವಾರವೇ ಹೇಳಿದ್ದ.

"ನೀನೂ ಮನೇಲೇ ಇರಮ್ಮ. ಸಂಬಳ ತಪ್ಪಲ್ಲ. ಬಸ್ಸಲ್ಲಿ ನೇತಾಡೋದು ತಪ್ಪುತ್ತೆ."

"ನಾನು ಕೆಲಸಕ್ಕೆ ಅಂತ ಸೇರಿದ್ದು ಸರ್."

"ಕೆಲಸದಲ್ಲೇ ಇದೀಯಲ್ಲ. ಯಾರಾದ್ರೂ ಇಲ್ಲ ಅಂದ್ರಾ?"

ಅವಳು ದಿನವೂ ಬಂದಳು. ಬಂದು ಕೂತಳು. ಕೂತು ಕೂತು ಅವಳಿಗೆ ತಿಳಿದದ್ದು ಇಷ್ಟು: ದುಡಿದ ಸುಸ್ತಿಗೆ ನಿದ್ದೆ ಮದ್ದು, ಕೂತ ಸುಸ್ತಿಗೆ ಯಾವ ಮದ್ದೂ ಇಲ್ಲ. ತರಬೇತಿ ಕೇಂದ್ರದಲ್ಲಿ ಅವಳು ಮೊದಲ ಸಲ ಸುತ್ತಿದ ಮೋಟರು ತಿರುಗಿದಾಗ ಅಂಗೈ ಇಟ್ಟು ನೋಡಿದ್ದಳು. ಒಳಗಿನ ನಡುಕ ಮೊಣಕೈವರೆಗೂ ಹತ್ತಿತ್ತು. ಈ ಕೆಲಸ ಬಿಟ್ಟು ಬೇರೆ ಬೇಡ ಎಂದು ಅವತ್ತೇ ಅನಿಸಿತ್ತು. ಈಗ ಆ ಕೈ ಮೊಂಡಾಗುತ್ತಿತ್ತು. ಬೆರಳ ತುದಿಯಲ್ಲಿ ತಂತಿ ಎಳೆದೆಳೆದು ಬಂದಿದ್ದ ಗಟ್ಟಿ ಚರ್ಮ ಸುಲಿದು ಹೋಯಿತು. ಅದನ್ನು ನೋಡಿ ಮನೆಯಲ್ಲಿ ಅತ್ತಿಗೆ, "ಈಗ ನೋಡು, ಹೆಣ್ಣುಮಕ್ಕಳ ಕೈ ಥರ ಆಯ್ತು" ಎಂದು ಮೆಚ್ಚಿಕೊಂಡಳು.

ಮಧ್ಯಾಹ್ನದ ಬಿಡುವಿನಲ್ಲಿ ಅವಳು ಗಾಜಿನ ಬಾಗಿಲು ತೆರೆದು ಒಳಗೆ ಹೋಗುತ್ತಿದ್ದಳು. ಕೆಲಸದವರೆಲ್ಲ ಗಡಿಯಾಚೆಯಿಂದ ಬಂದವರು. ಅವರ ಮೇಸ್ತ್ರಿಗೆ ಇಲ್ಲಿಗೆ ಬಂದಾಗ ಮೀಸೆ ಚಿಗುರುತ್ತಿತ್ತಂತೆ, ಈಗ ಅದು ನೆರೆತಿತ್ತು. ನಾಡಿನ ಮಾತನ್ನು ನಾಡಿನವರಿಗಿಂತ ಜೋರಾಗಿ ಆಡುತ್ತಿದ್ದ. ಅವನು ನಾಡಿನಲ್ಲಿ ಇರಬಹುದೆಂಬ ಪರ್ಮಿಟ್ ಮಾತ್ರ ಸಾಹುಕಾರರ ಬೀರುವಿನಲ್ಲಿತ್ತು.

"ಬಂದ್ಲಪ್ಪ ಸರ್ಕಾರದ ಮಗಳು" ಎನ್ನುತ್ತಿದ್ದ ಅವನು. "ದಾರಿ ಬಿಡ್ರೋ, ತವರು ನೋಡೋಕೆ ಬಂದಿದಾಳೆ."

"ಮೇಸ್ತ್ರಿ, ಈ ದೊಡ್ಡ ಮೋಟರಿಗೆ ಸುರುಳಿ ಹೆಂಗೆ ಇಳಿಸ್ತೀರ? ಕೇಂದ್ರದಲ್ಲಿ ಸಣ್ಣದು ಮಾತ್ರ ಮಾಡಿಸಿದ್ರು."

"ಕೈಯಲ್ಲಿ."

"ಕೈಯಲ್ಲಿ ಅಂತ ಗೊತ್ತು. ತೋರ್ಸಿ."

"ಊಟದ ಹೊತ್ತು ತಾಯಿ. ಮೋಟರಿಗೂ ರೆಸ್ಟು ಬೇಕು."

ಅವಳು ಪಕ್ಕದಲ್ಲಿ ನಿಂತರೆ ಅವನು ತಿರುಗಿ ಬೆನ್ನು ಕೊಟ್ಟು ಕೂರುತ್ತಿದ್ದ. ಆ ಬೆನ್ನನ್ನು ಅವಳು ಒಂದು ವರ್ಷ ನೋಡಿದ್ದಳು. ಅಂಗಿಯ ಮೇಲೆ ಬೆವರು ಯಾವ ಆಕಾರದಲ್ಲಿ ಹರಡುತ್ತದೆಂಬುದು ಬಾಯಿಪಾಠವಾಗಿತ್ತು. ಸಾಹುಕಾರರ ಮೇಲೆ ಬಂದ ಸಿಟ್ಟನ್ನು ಎಲ್ಲಿ ಇಡಬೇಕೋ ಗೊತ್ತಾಗದೆ ಅವಳು ಅದನ್ನು ಈ ಬೆನ್ನಿನ ಮೇಲೆ ಇಟ್ಟಿದ್ದಳು.

ಇನ್ನೊಬ್ಬ ಕೆಲಸದವನು, ಯಾವಾಗಲೂ ಹಾಡು ಗುನುಗುವವನು, ಒಂದು ದಿನ ಅವಳಿಗೆ ಕೇಳುವಂತೆಯೇ ಹೇಳಿದ. "ಆಟಕ್ಕುಂಟು ಲೆಕ್ಕಕ್ಕಿಲ್ಲ ಅಂತಾರೆ ನಿಮ್ಮ ಕಡೆ. ಅದು ನಾವು. ಈಯಮ್ಮ ಉಲ್ಟಾ. ಲೆಕ್ಕಕ್ಕುಂಟು, ಆಟಕ್ಕಿಲ್ಲ."

ಎಲ್ಲರೂ ನಕ್ಕರು. ಮೇಸ್ತ್ರಿ ನಗಲಿಲ್ಲ. "ಎರಡೂ ಕಡೆ ಸೋಲೋರು ನಾವೇ ಕಣೋ, ತಿನ್ನು" ಎಂದ.

*

ಒಂದು ಬೆಳಿಗ್ಗೆ ಕೆಲಸದವರನ್ನೆಲ್ಲ ವ್ಯಾನಿಗೆ ತುಂಬಿ ಪರ್ಮಿಟ್ ನವೀಕರಣದ ಕಚೇರಿಗೆ ಕರೆದೊಯ್ದರು. ಮ್ಯಾನೇಜರೂ ಜೊತೆಗೆ ಹೋದ. ವರ್ಕ್‌ಶಾಪಿನಲ್ಲಿ ಅವಳೊಬ್ಬಳೇ ಉಳಿದಳು, ಹೊರಗೆ ಕಾವಲುಗಾರ.

ಮೇಜಿನ ಮೇಲೆ ನೀರಿನ ಪಂಪಿನ ಮೋಟರೊಂದಿತ್ತು. ಸುರುಳಿಗಳನ್ನು ಕೂರಿಸಿ ಆಗಿತ್ತು. ಮೂರು ಗುಂಪು ಸುರುಳಿ, ಗುಂಪಿಗೆರಡರಂತೆ ಆರು ತುದಿ. ಅವನ್ನು ಜೋಡಿಸಿದರೆ ಮುಗಿಯಿತು. ತುದಿಗಳಿಗೆ ಬಣ್ಣದ ತೆಳು ಕೊಳವೆ ತೊಡಿಸಿದ್ದರು. ಪುಸ್ತಕದಲ್ಲಿ ಓದಿದ್ದು ಅವಳಿಗೆ ನಿದ್ದೆಯಲ್ಲೂ ನೆನಪಿತ್ತು: ಕೆಂಪು ಆರಂಭ, ಕಪ್ಪು ಕೊನೆ. ಕೊನೆಗಳನ್ನು ಒಟ್ಟಿಗೆ ಕಟ್ಟು, ಆರಂಭಗಳಿಗೆ ಕರೆಂಟು ಕೊಡು.

ಮುಟ್ಟಬಾರದು ಎಂದು ಅವಳಿಗೆ ಗೊತ್ತಿರಲಿಲ್ಲವೆಂದಲ್ಲ. ಗೊತ್ತಿದ್ದೇ ಮುಟ್ಟಿದಳು. ತಂತಿಯ ಮೈ ಕೆರೆದು ಹೊಳಪು ಬರಿಸಿದಳು, ತಿರುಚಿದಳು, ಬೆಸುಗೆ ಹಾಕಿದಳು, ಪಟ್ಟಿ ಸುತ್ತಿದಳು. ಕೈ ಮೊದಲು ಹೆದರಿತು, ಆಮೇಲೆ ದಾರಿ ಸಿಕ್ಕಿತು. ಗುಂಡಿ ಒತ್ತಿದಳು.

ಮೋಟರು ತಿರುಗಲಿಲ್ಲ. ಗಂಟಲು ಕಟ್ಟಿದ ಪ್ರಾಣಿಯಂತೆ ಗುರುಗುಟ್ಟಿತು. ಅವಳು ಆರಿಸುವಷ್ಟರಲ್ಲಿ ಹೊಗೆ ಎದ್ದಿತ್ತು. ಹೊಸ ತಾಮ್ರದ ಬಣ್ಣ ಕಣ್ಣೆದುರೇ ಕಂದಿತು.

ಮಧ್ಯಾಹ್ನ ಹಿಂತಿರುಗಿದ ಮೇಸ್ತ್ರಿ ಬಾಗಿಲಲ್ಲೇ ಮೂಗು ಅರಳಿಸಿದ. ಮೇಜಿನ ಬಳಿ ಬಂದು ತುದಿಗಳನ್ನು ನೋಡಿದ, ಅವಳನ್ನು ನೋಡಿದ. ಬಯ್ದವನು ಮ್ಯಾನೇಜರ್.

"ಇದಕ್ಕೇ ನೋಡು ನಾವು ನಮ್ಮವರನ್ನ ಕೆಲಸಕ್ಕೆ ಹಚ್ಚಲ್ಲ. ಹೊರಗೆ ಹೋಗಿ ಭಾಷಣ ಮಾಡು ಅಂದ್ರೆ ಮಾಡ್ತೀರ, ನಮ್ಮ ಕೆಲಸ ನಮಗೆ ಕೊಡಿ ಅಂತ. ಕೊಟ್ರೆ ಇದು." ಮೋಟರಿನತ್ತ ಗಲ್ಲ ಚಾಚಿದ. "ಇನ್ಮೇಲೆ ಗಾಜಿನ ಬಾಗಿಲು ದಾಟಿದ್ರೆ ನೋಡು."

"ನಾನು ಪುಸ್ತಕದ ಪ್ರಕಾರವೇ ಮಾಡಿದ್ದು ಸರ್."

"ಹಂಗಾದ್ರೆ ಪುಸ್ತಕಾನೇ ತಿರುಗಿಸು, ಗಾಳಿ ಬರುತ್ತೆ."

ಸಂಜೆ ಅವಳು ಬಸ್ ನಿಲ್ದಾಣದಲ್ಲಿ ಮೇಸ್ತ್ರಿಗಾಗಿ ಕಾದಳು. ಅವನು ಕಂಡೂ ಕಾಣದಂತೆ ದಾಟಿ ಹೋಗಲು ನೋಡಿದ. ಅವಳು ಅಡ್ಡ ನಿಂತಳು.

"ಮೂರನೇ ಗುಂಪಿನ ಬಣ್ಣ ಅದಲುಬದಲಾಗಿತ್ತು. ಬಿಚ್ಚಿ ನೋಡಿದೆ. ಕೆಂಪು ಹಾಕಿರೋದು ಕೊನೆಗೆ. ತಪ್ಪಾಗಿ ಹಾಕಿದ್ರಾ?"

"ನಾನು ತಪ್ಪಾಗಿ ಹಾಕ್ತೀನಾ?" ಎಂದ ಅವನು, ಮರ್ಯಾದೆಗೆ ಪೆಟ್ಟಾದವನಂತೆ.

"ಮತ್ತೆ?"

"ಬೇಕಂತಲೇ. ಎಲ್ಲದಕ್ಕೂ ಹಂಗೇ ಹಾಕೋದು. ನಮ್ಮ ಕಡೆಯೋರಿಗೆ ಗೊತ್ತು, ಕೊನೆ ಗುಂಪು ಉಲ್ಟಾ ಅಂತ. ಬೇರೆಯವರು ಮುಟ್ಟಿದ್ರೆ ಸುಡಲಿ ಅಂತ."

ಅವಳಿಗೆ ಕೆನ್ನೆಗೆ ಹೊಡೆದಂತಾಯಿತು. "ನಾನು ಸುಟ್ಟಿದ್ದಲ್ಲ ಅದು. ನೀವು ಸುಟ್ಟಿದ್ದು."

"ಆಯ್ತು, ನಾನೇ."

"ನಾಚಿಕೆ ಆಗಲ್ವಾ ಮೇಸ್ತ್ರಿ? ನಿಮ್ಮ ಮಗಳ ವಯಸ್ಸಿನವಳು ಒಂದು ವರ್ಷದಿಂದ ಬೆನ್ನ ಹಿಂದೆ ನಿಂತು ಕೇಳ್ತಿದೀನಿ."

ಅವನು ಕಲ್ಲಿನ ಕಟ್ಟೆಯ ಮೇಲೆ ಕೂತ. ಊಟದ ಡಬ್ಬಿಯನ್ನು ಮೊಣಕಾಲ ಮೇಲೆ ಇಟ್ಟುಕೊಂಡ.

"ಪಕ್ಕದ ಬೀದಿಲಿ ಪಂಪಿನ ವರ್ಕ್‌ಶಾಪು ಗೊತ್ತಲ್ಲ, ಅಲ್ಲಿ ನನ್ನ ಭಾವಮೈದ ಇದ್ದ. ಒಳ್ಳೆ ಮನಸ್ಸು. ನಿಮ್ಮೋನೊಬ್ಬ ಹುಡುಗನಿಗೆ ಎಲ್ಲಾ ಕಲಿಸಿದ, ಸ್ವಂತ ತಮ್ಮನಿಗೆ ಕಲಿಸಿದಂಗೆ. ಹುಡುಗ ಒಬ್ಬನೇ ಮೋಟರ್ ಎಬ್ಬಿಸಿದ ತಿಂಗಳೇ ಭಾವಮೈದನ ಪರ್ಮಿಟ್ ಹೋಯ್ತು. ಯಾಕೆ? ಆ ಕೆಲಸಕ್ಕೆ ಈಗ ನಾಡಿನವನೇ ಇದಾನಲ್ಲ. ಸರಿ, ಹುಡುಗನಿಗಾದ್ರೂ ಕೆಲಸ ಸಿಕ್ತಾ? ಕೆಲಸಕ್ಕೆ ಹಚ್ಚಿದ್ರೆ ಅವನಿಗೆ ಪೂರಾ ಸಂಬಳ ಕೊಡಬೇಕು, ಕೂರಿಸಿದ್ರೆ ಚಿಲ್ಲರೆ ಸಾಕು. ಅದಕ್ಕೇ ಅವನನ್ನ ಮುಂದೆ ಕುರ್ಚಿಲಿ ಕೂರಿಸಿ, ನಮ್ಮ ಕಡೆಯಿಂದ ಇನ್ನೊಬ್ಬನ್ನ ತಂದ್ರು, ಸಹಾಯಕ ಅಂತ. ಅರ್ಧ ಕೂಲಿಗೆ. ಕಲಿಸಿದವನು ಹೋದ, ಕಲಿತವನು ಕೂತ, ಏನೂ ಬಾರದವನು ಮೋಟರ್ ಸುಡ್ತಿದಾನೆ." ಅವನು ಡಬ್ಬಿಯ ಮುಚ್ಚಳವನ್ನು ಸುಮ್ಮನೆ ಒತ್ತಿದ. "ನಿನಗೆ ಕಲಿಸಿದ ಮರುದಿನ ನನ್ನ ಪೆಟ್ಟಿಗೆ ಕಟ್ಟಿಸ್ತಾರೆ ಮಗಳೇ. ನನ್ನ ಬೆನ್ನು ನೋಡಿ ನಿನಗೆ ಸಿಟ್ಟು ಬರುತ್ತೆ. ಅದು ಬೆನ್ನಲ್ಲ, ಹೊಟ್ಟೆ."

ಅವಳ ಬಸ್ಸು ಬಂತು, ಹೋಯಿತು. ಅವಳು ಹತ್ತಲಿಲ್ಲ. ಬಯ್ಯಲು ಕೂಡಿಸಿಟ್ಟುಕೊಂಡಿದ್ದ ಮಾತುಗಳೆಲ್ಲ ಬಾಯಲ್ಲೇ ಇದ್ದವು. ಅವನ್ನು ಯಾರಿಗೆ ಹೇಳಬೇಕೆಂಬುದು ಮಾತ್ರ ಬದಲಾಗಿತ್ತು. ಅವಳನ್ನು ಕಾಪಾಡಲೆಂದು ಮಾಡಿದ ಕಾನೂನು ಅವಳಿಗೆ ಕಲಿಸಬಲ್ಲ ಒಬ್ಬನೇ ಒಬ್ಬನನ್ನು ಅವಳಿಗೆ ಹೆದರುವಂತೆ ಮಾಡಿಟ್ಟಿತ್ತು. ಇಬ್ಬರೂ ಒಬ್ಬರಿಗೊಬ್ಬರು ಕಾವಲು ಕೂರಲಿ, ಅಷ್ಟರಲ್ಲಿ ಸಾಹುಕಾರರ ವ್ಯಾಪಾರ ಸಾಗಲಿ.

*

ಮಳೆಗಾಲ ಮುಗಿಯುವ ಹೊತ್ತಿಗೆ ಕಾನೂನಿಗೆ ಹೊಸ ಬಾಲ ಬಂತು. ತಲೆ ಎಣಿಸಿದರೆ ಸಾಲದು, ಮುಖ್ಯ ಸ್ಥಾನಗಳಲ್ಲೂ ನಾಡಿನವರೇ ಇರಬೇಕು. ಹೊರಗಿನ ಮೇಸ್ತ್ರಿಗಳು ತಮ್ಮ ಕುಶಲತೆಯನ್ನು ನಾಡಿನ ಮಕ್ಕಳಿಗೆ ಒಪ್ಪಿಸಿ ಹೊರಡಬೇಕು. ಒಪ್ಪಿಸುವುದಕ್ಕೆ ಒಂದು ಸಮಾರಂಭ. ಇಲಾಖೆಯ ಅಧಿಕಾರಿ ಬರುತ್ತಾರೆ. ಮೇಸ್ತ್ರಿ ಒಂದು ಉಪಕರಣವನ್ನು ಕೈಯೆತ್ತಿ ಕೊಡಬೇಕು, ನಾಡಿನ ಕೆಲಸಗಾರರು ಅದನ್ನು ತೆಗೆದುಕೊಂಡು "ಕಲಿತೆ" ಎಂದು ಎಲ್ಲರೆದುರು ಹೇಳಬೇಕು. ಹೇಳಿದರೆ ಹಸ್ತಾಂತರ ಆದಂತೆ.

ಮ್ಯಾನೇಜರ್ ನಗುತ್ತಾ ಗಾಜಿನ ಕೋಣೆಗೆ ಬಂದ. ಅವನು ನಕ್ಕದ್ದನ್ನು ಅವಳು ನೋಡಿದ್ದು ಅದೇ ಮೊದಲು.

"ಇನ್ನು ನೀನೇ ಮುಖ್ಯ ಮೇಸ್ತ್ರಿಯಮ್ಮ. ನಮಗೂ ಮೇಡಂ ಅನ್ನಬೇಕಾಗುತ್ತೇನೋ."

"ನನಗೆ ದೊಡ್ಡ ಮೋಟರ್ ಸುತ್ತೋಕೆ ಬರಲ್ಲ ಸರ್."

"ಬರಬೇಕು ಅಂತ ಯಾರು ಹೇಳಿದ್ರು?"

"ಮತ್ತೆ ಕೆಲಸ ಯಾರು ಮಾಡೋದು?"

"ಗಡಿಯಾಚೆಯಿಂದ ಇಬ್ಬರು ಬರ್ತಿದಾರೆ. ಸಹಾಯಕರು. ಕಾಗದದಲ್ಲಿ ನಿನ್ನ ಕೈಕೆಳಗೆ." ಅವನು ದನಿ ತಗ್ಗಿಸಿದ. "ಮೋಟರ್ ಸುಟ್ಟಾಗಲೇ ತೆಗೀಬೇಕಿತ್ತು ನಿನ್ನ. ಸಾಹುಕಾರ್ರು ದೊಡ್ಡ ಮನಸ್ಸು ಮಾಡಿದಾರೆ. ಅವತ್ತು ಒಂದು ಮಾತು ಹೇಳು, ಸಾಕು. ಆಗಲ್ಲ ಅಂದ್ರೆ ತಲೆಗೇನು ಬರಗಾಲ, ಬೀದಿಲಿ ಬೇಕಾದಷ್ಟಿವೆ."

ಮನೆಯಲ್ಲಿ ಅಮ್ಮ ಸುದ್ದಿಯನ್ನು ಕೆಳಗಿನ ಮನೆಗೂ ಎದುರು ಮನೆಗೂ ಹಂಚಿ ಬಂದಳು. ಅಣ್ಣ ಮಾತ್ರ ತಂಗಿಯ ಮುಖ ನೋಡಿ ತಟ್ಟೆ ಬದಿಗಿಟ್ಟ. ಅವನು ಗೋದಾಮೊಂದರಲ್ಲಿ ಮೂಟೆ ಹೊರುವವನು.

"ಏನು ಯೋಚನೆ ನಿಂದು?"

"ಅವರೇನೂ ಕಲಿಸಿಲ್ಲ ಅಣ್ಣ. ಕಲಿತೆ ಅಂತ ಹೆಂಗೆ ಹೇಳಲಿ?"

"ಬಾಯಲ್ಲಿ. ಎಲ್ಲರೂ ಹೇಳೋದು ಹಂಗೇ."

"ಹೇಳಿಬಿಟ್ರೆ ಆಮೇಲೆ ಕಲಿಸೋರು ಯಾರೂ ಇರಲ್ಲ. ಮುಖ್ಯ ಮೇಸ್ತ್ರಿ ಅಂತ ಬೋರ್ಡ್ ಹಾಕ್ಕೊಂಡು ಸಾಯೋವರೆಗೂ ಆ ಕುರ್ಚಿಲೇ ಕೂರಬೇಕು."

"ಕೂರು. ಏನಾಗುತ್ತೆ ಕೂತ್ರೆ? ನನಗೆ ಯಾರಾದ್ರೂ ಕುರ್ಚಿ ಕೊಟ್ರೆ ಎದ್ದೇಳಲ್ಲ ನಾನು." ಅವನ ದನಿಯಲ್ಲಿ ಕೊಂಕಿರಲಿಲ್ಲ, ಬೆನ್ನುನೋವಿತ್ತು. ಅತ್ತಿಗೆ ಅವನ ತಟ್ಟೆಯನ್ನು ಮತ್ತೆ ಮುಂದಕ್ಕೆ ತಳ್ಳಿ, "ಅವಳಿಗೆ ಆಸೆ ಕಣ್ರೀ" ಎಂದಳು. "ಕೆಲವರಿಗೆ ಒಡವೆ ಮೇಲಿರುತ್ತೆ, ಇವಳಿಗೆ ಮೋಟರ್ ಮೇಲೆ. ಏನು ಮಾಡೋದು."

ಮರುದಿನ ಅವಳು ಗಾಜಿನ ಬಾಗಿಲು ದಾಟಿದಳು. ಮೇಸ್ತ್ರಿ ಬೆನ್ನು ತಿರುಗಿಸಿಯೇ ಕೂತಿದ್ದ.

"ನಿಮ್ಮನ್ನ ಕಳಿಸೋದಂತೂ ಗ್ಯಾರಂಟಿ ಆಯ್ತಲ್ಲ. ಇನ್ನು ಹೆದರೋಕೆ ಏನಿದೆ? ಈಗಲಾದ್ರೂ ಕಲಿಸಿ."

ಅವನು ನಕ್ಕ. ಒಳ್ಳೆಯ ನಗುವಲ್ಲ ಅದು. "ಕಲಿಸಿದ್ರೆ ಕಳಿಸ್ತಾರೆ ಅಂತ ಕಲಿಸಲಿಲ್ಲ. ಕಲಿಸದೇ ಇದ್ರೂ ಕಳಿಸ್ತಿದಾರೆ, ಕಲಿಸಿದ ಅಂತ ಹೇಳಿ. ನನ್ನಂಥ ಮಡ್ಡಿ ಇನ್ನೊಬ್ಬ ಇಲ್ಲ." ಜರುಗಿ ಜಾಗ ಮಾಡಿದ. "ಕೂರು. ಹೆಬ್ಬೆರಳು ಇಲ್ಲಿ. ತಂತೀನ ತುರುಕಬೇಡ. ಅಗಲ ಮಾಡಿ ಹಿಡಿ, ಒಂದೊಂದೇ ಎಳೆ ಇಳೀಲಿ, ತಲೆ ಬಾಚಿದಂಗೆ."

ಅವಳು ಕೂತಳು. ಮೊದಲ ಸೀಳಿಗೆ ಎಳೆಗಳು ಇಳಿದವು, ಸಿಕ್ಕಿಕೊಂಡವು, ಮತ್ತೆ ಇಳಿದವು. "ಎಳೀಬೇಡ, ಎಳೀಬೇಡ, ಮಗೂನ ಕರೆದಂಗೆ ಕರಿ ಅದನ್ನ" ಎಂದು ಅವನು ಬಯ್ದ. ಪುಸ್ತಕದಲ್ಲಿ ಇಲ್ಲದ್ದೆಲ್ಲ ಅವನ ಮೊಣಕೈಯಲ್ಲಿತ್ತು. ಅವನ ಮೊಣಕೈ ಅವಳ ಮೊಣಕೈಯನ್ನು ನೂಕಿ ನೂಕಿ ತೋರಿಸುತ್ತಿತ್ತು. ಹಾಡು ಗುನುಗುವವನು ಗುನುಗುವುದನ್ನು ನಿಲ್ಲಿಸಿ ನೋಡುತ್ತಿದ್ದ.

"ಎಷ್ಟು ದಿನ ಬೇಕು ಇದು ಕೈಗೆ ಹತ್ತೋಕೆ?"

"ನಿನಗೆ? ಆರು ತಿಂಗಳು. ಪೆದ್ದರಿಗೆ ಎರಡು ವರ್ಷ." ತಡೆದು, "ನನಗೆ ಎರಡು ವರ್ಷ ಹಿಡೀತು" ಎಂದ.

ಎರಡನೆಯ ಸೀಳು ಶುರುವಾಗಿತ್ತು. ಮ್ಯಾನೇಜರ್ ಓಡಿ ಬಂದ.

"ಏನಮ್ಮ ಇದು. ಕೈಯೆಲ್ಲ ಮಸಿ. ನಾಳಿದ್ದು ಫೋಟೋ ಇದೆ, ಎದ್ದೇಳು ಎದ್ದೇಳು. ಮೇಸ್ತ್ರಿ, ನಿಂಗಾದ್ರೂ ಬುದ್ಧಿ ಬೇಡ್ವಾ, ಹೋಗೋ ಹೊತ್ತಲ್ಲಿ ಪಾಠ ಶುರು ಮಾಡಿದೀಯ. ಇವತ್ತು ಈ ಮೋಟರ್ ಹೋಗ್ಲೇಬೇಕು."

ಅವಳು ಎದ್ದಳು. ಅರ್ಧ ಇಳಿದ ಸುರುಳಿಯನ್ನು ಮೇಸ್ತ್ರಿ ತನ್ನ ಕಡೆಗೆ ಎಳೆದುಕೊಂಡ. ಕುಶಲತೆಯನ್ನು ಒಪ್ಪಿಸುವ ಸಮಾರಂಭಕ್ಕೆ ಸಿದ್ಧತೆ ನಡೆಯಬೇಕಾದ್ದರಿಂದ ಕುಶಲತೆಯನ್ನು ಒಪ್ಪಿಸುವುದನ್ನು ನಿಲ್ಲಿಸಬೇಕಾಯಿತು.

*

ಸಮಾರಂಭದ ದಿನ ವರ್ಕ್‌ಶಾಪನ್ನು ಗುರುತು ಸಿಗದ ಹಾಗೆ ಗುಡಿಸಿದ್ದರು. ಸುಟ್ಟ ಮೋಟರುಗಳ ಮೇಲೆ ನೀಲಿ ಬಟ್ಟೆ ಹೊದಿಸಿದ್ದರು. ಬಾಡಿಗೆ ಕುರ್ಚಿಗಳ ಮೊದಲ ಸಾಲಿನಲ್ಲಿ ಸಾಹುಕಾರರು, ಪಕ್ಕದಲ್ಲಿ ಇಸ್ತ್ರಿ ಅಂಗಿಯ ಸರ್ಕಾರದ ಅಳಿಯ, ತುದಿಯಲ್ಲಿ ಅವಳ ಅಮ್ಮ. ಕೆಲಸದವರು ಹಿಂದೆ ಗೋಡೆಗೆ ಒರಗಿ ನಿಂತಿದ್ದರು. ಅವರಿಗೆ ಕುರ್ಚಿ ಎಣಿಸಿರಲಿಲ್ಲ.

ಅಧಿಕಾರಿ ಒಳ್ಳೆಯ ಮನುಷ್ಯನೇ ಇರಬೇಕು, ದಣಿದಿದ್ದ. ಆ ದಿನ ಅವನಿಗೆ ಇಂಥ ಸಮಾರಂಭ ಇನ್ನೂ ಹಲವಿದ್ದವು. ನಾಡು, ಕೈ, ನಾಳೆ ಎಂಬ ಮಾತುಗಳಿದ್ದ ಭಾಷಣವನ್ನು ನೋಡದೇ ಹೇಳಿ ಮುಗಿಸಿದ. ಮ್ಯಾನೇಜರ್ ತಟ್ಟೆಯಲ್ಲಿ ಉಪಕರಣ ತಂದ: ಮೊಳದುದ್ದದ ಒಂದು ಸ್ಪ್ಯಾನರು, ಮೈತುಂಬ ಚಿನ್ನದ ಬಣ್ಣ, ನಡುವಿಗೆ ರಿಬ್ಬನ್. ಸುರುಳಿ ಸುತ್ತುವ ಕೆಲಸದಲ್ಲಿ ಅಂಥ ಸ್ಪ್ಯಾನರಿಗೆ ಜಾಗವೇ ಇಲ್ಲ. ಆದರೆ ಫೋಟೋದಲ್ಲಿ ಕೆಲಸ ಎಂದು ಗೊತ್ತಾಗುವುದು ಸ್ಪ್ಯಾನರಿನಿಂದಲೇ. ಅಂಗಡಿಯಿಂದ ಬೆಳಿಗ್ಗೆ ತಂದು ಬಳಿಸಿದ್ದು. ಬಣ್ಣ ಇನ್ನೂ ಪೂರ್ತಿ ಒಣಗಿರಲಿಲ್ಲ.

ಮೇಸ್ತ್ರಿಯನ್ನು ಕರೆದರು. ಯಾರದೋ ಕೋಟು ತೊಡಿಸಿದ್ದರು, ತೋಳು ಉದ್ದವಾಗಿತ್ತು. ಅವನು ಸ್ಪ್ಯಾನರನ್ನು ಎರಡೂ ಕೈಯಲ್ಲಿ ಎತ್ತಿ ಹಿಡಿದ. ಅವಳನ್ನು ಎದುರಿಗೆ ನಿಲ್ಲಿಸಿದರು. ಫೋಟೋದವನು ಒಂದು ಹೆಜ್ಜೆ ಹಿಂದೆ ಸರಿದ.

"ಈ ಮೇಸ್ತ್ರಿಯಿಂದ ನೀನು ಈ ವಿದ್ಯೆಯನ್ನು ಪೂರ್ತಿಯಾಗಿ ಕಲಿತಿದ್ದೀಯಾ?" ಅಧಿಕಾರಿ ಕಾಗದ ನೋಡಿ ಓದಿದ.

"ಇಲ್ಲ."

ಫೋಟೋದವನ ಬೆಳಕು ಮಿಂಚಿತು. ಅವನು ಉತ್ತರ ಕೇಳಿಸಿಕೊಂಡಿರಲಿಲ್ಲ.

ಮ್ಯಾನೇಜರ್ ಪಕ್ಕಕ್ಕೆ ಬಂದು ಹಲ್ಲಿನ ನಡುವೆ ಹೇಳಿದ. "ಹೌದು ಅನ್ನು."

"ಕಲಿಸಿಲ್ಲ" ಎಂದಳು ಅವಳು ಅಧಿಕಾರಿಗೆ. "ಕಲಿಸಿದ್ರೆ ನೀವು ಇವರನ್ನ ಓಡಿಸ್ತೀರ, ಅದಕ್ಕೆ ಕಲಿಸಲಿಲ್ಲ. ಮೊನ್ನೆ ಕಲಿಸೋಕೆ ಕೂತ್ರು, ಇವರು ಎಬ್ಬಿಸಿದ್ರು. ನನಗೆ ಒಂದೂವರೆ ಸೀಳು ಬರುತ್ತೆ ಸರ್. ಮಿಕ್ಕಿದ್ದು ಇವರ ಕೈಯಲ್ಲೇ ಇದೆ. ಅದನ್ನ ನನಗೆ ಕೊಡಿಸಿ, ಆರು ತಿಂಗಳು. ಆಮೇಲೆ ಎಷ್ಟು ಸಲ ಬೇಕಾದ್ರೂ ಕಲಿತೆ ಅಂತೀನಿ."

ಹಿಂದಿನ ಗೋಡೆಯ ಬಳಿ ಯಾರೋ ಕೆಮ್ಮಿದರು. ಅಮ್ಮ ಸೆರಗಿನ ಅಂಚನ್ನು ಬಾಯಿಗೆ ಒತ್ತಿಕೊಂಡಿದ್ದಳು. ಸಾಹುಕಾರರು ಅಧಿಕಾರಿಯತ್ತ ಬಾಗಿ, "ಮಗು, ಗಾಬರಿಯಾಗಿದೆ" ಎಂದರು.

ಅಧಿಕಾರಿ ಗಡಿಯಾರ ನೋಡಿಕೊಂಡ. "ನೋಡಮ್ಮ, ಇದು ನಿನ್ನ ಒಳ್ಳೇದಕ್ಕೇ ಮಾಡಿರೋದು. ನಿನ್ನಂಥವರಿಗಾಗಿಯೇ ಇಷ್ಟೆಲ್ಲ. ದೂರು ಇದ್ದರೆ ಆಮೇಲೆ ಬರೆದುಕೊಡು. ಈಗ ಹೇಳದಿದ್ರೂ ಪರವಾಗಿಲ್ಲ, ಸುಮ್ಮನೆ ಕೈ ಮುಂದೆ ಮಾಡು."

ಮೇಸ್ತ್ರಿಯ ಕೈ ಸೋಲುತ್ತಿತ್ತು. ಸ್ಪ್ಯಾನರಿನ ಬಣ್ಣ ಅವನ ಬೆರಳಿಗೆಲ್ಲ ಹತ್ತಿತ್ತು. "ತಗೊಂಡುಬಿಡು ಮಗಳೇ" ಎಂದ ಮೆಲ್ಲಗೆ. "ನಂದು ಮುಗೀತು. ನಿನ್ನ ಅನ್ನ ಯಾಕೆ ಕಳ್ಕೋತೀಯ."

ಅವಳು ಅವನ ಮುಖ ನೋಡಿದಳು. ಇಷ್ಟು ಹತ್ತಿರದಿಂದ, ಎದುರಿನಿಂದ, ಅವಳು ಅದನ್ನು ನೋಡಿರಲೇ ಇಲ್ಲ.

"ಕೈ ಮುಂದೆ ಮಾಡಮ್ಮ" ಎಂದ ಮ್ಯಾನೇಜರ್, ಈಗ ಎಲ್ಲರಿಗೂ ಕೇಳುವಂತೆ.

ಅವಳು ಎರಡೂ ಕೈಗಳನ್ನು ಕಂಕುಳಲ್ಲಿ ಸಿಕ್ಕಿಸಿಕೊಂಡಳು.

"ಮಾಡಲ್ಲ."